ತಾರೀಖು ಹಾಕಿ ಬರೆದಿಟ್ಟದ್ದು

ನಿವೃತ್ತನಾಗಿ ಊರಿಗೆ ಮರಳಿದ ಪ್ರಾಧ್ಯಾಪಕನಿಗೆ ಊರು ಮೊದಲು ಕೊಡುವುದು ಶಾಲು. ಆಮೇಲೆ ಹಣ್ಣಿನ ಬುಟ್ಟಿ, ಅದರ ಬೆನ್ನಿಗೇ ಅಧ್ಯಕ್ಷ ಸ್ಥಾನ. ಯಕ್ಷಗಾನ ಕಲಾವಿದರ ಸನ್ಮಾನಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಸಹಕಾರಿ ಸಂಘದ ಸಭೆಗೆ, ಕಡೆಗೆ ವಾಲಿಬಾಲ್ ಪಂದ್ಯಾವಳಿಯ ಉದ್ಘಾಟನೆಗೂ ‘ಪ್ರೊಫೆಸರರು’ ಬೇಕು. ಧಾರವಾಡದಲ್ಲಿ ಮೂರು ದಶಕ ರಸಾಯನಶಾಸ್ತ್ರ ಕಲಿಸಿ ಕುಮಟಾ ತಾಲೂಕಿನ ನಮ್ಮೂರಿಗೆ ಬಂದ ಹೊಸತರಲ್ಲಿ ನಾನೂ ಇಂಥ ಕೆಲವು ವೇದಿಕೆ ಹತ್ತಿದೆ. ನನ್ನ ಮಾತು ಮುಗಿದಾಗ ಜನ ಚಪ್ಪಾಳೆ ತಟ್ಟುತ್ತಿದ್ದುದು ಮಾತಿಗಲ್ಲ, ಅದು ಮುಗಿಯಿತೆಂಬುದಕ್ಕೆ. ಆಮೇಲೆ ಕಡ್ಡಿ ಮುರಿದಂತೆ ಹೇಳಿಬಿಟ್ಟೆ: ವೇದಿಕೆ ಬೇಡ. ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಜಗಲಿಯಲ್ಲಿ ಕುಳಿತಿರುತ್ತೇನೆ, ಕೆಲಸವಿದ್ದವರು ಬನ್ನಿ.

ಊರಿಗೆ ಬಂದದ್ದು ಸಮಾಜಸೇವೆಗೆಂದು ಅಲ್ಲ, ಅಮ್ಮನಿಗಾಗಿ. ತೊಂಬತ್ತು ದಾಟಿದ ಜೀವ, ಧಾರವಾಡದ ಮನೆಗೆ ಬರಲು ಒಪ್ಪಲಿಲ್ಲ. ಹೆಂಡತಿ ಧಾರವಾಡದವಳು. ಕರಾವಳಿಯ ಮಳೆಗಾಲ ಅವಳಿಗೆ ಇಂದಿಗೂ ಒಗ್ಗಿಲ್ಲ. ಜೂನ್ ತಿಂಗಳಲ್ಲಿ ನನ್ನ ಪುಸ್ತಕಗಳಿಗೆಲ್ಲ ಬೂಷ್ಟು ಹಿಡಿದಾಗ, ‘ನಿಮ್ಮೂರಾಗ ವಿದ್ಯೆಕ್ಕೂ ಬೂಷ್ಟು ಬರ್ತದ’ ಎಂದಳು. ಈಗ ಕಪಾಟಿನೊಳಗೆ ಹಳೆಯ ಮಾದರಿಯ ಬಲ್ಬೊಂದನ್ನು ಉರಿಸಿಡುತ್ತೇವೆ. ಅದರ ಬಿಸಿಗೆ ಪುಸ್ತಕ ಒಣಗಿರುತ್ತವೆ, ವಿದ್ಯುತ್ ಬಿಲ್ಲು ಮಾತ್ರ ತುಸು ಏರುತ್ತದೆ.

ಅಮ್ಮನನ್ನು ನೋಡಿಕೊಳ್ಳುವ ಕೈ ಮೂರು: ನಾನು, ಹೆಂಡತಿ, ಅಂಕೋಲಾದಿಂದ ಆಗಾಗ ಬಂದಿರುವ ತಂಗಿ. ಮಾತ್ರೆ ಕೊಟ್ಟವರು ಯಾರು, ಕೊಟ್ಟದ್ದು ಊಟದ ಮೊದಲೋ ನಂತರವೋ, ರಾತ್ರಿ ನಿದ್ದೆ ಬಂತೋ ಇಲ್ಲವೋ ಎಂದು ಮೂವರಲ್ಲೂ ವಾದ. ಬೆಂಗಳೂರಿನ ತಮ್ಮ ದೂರವಾಣಿಯಲ್ಲಿ ನಾಲ್ಕನೆಯ ವಾದಿ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ನಾನು ಕಲಿಸಿದ ಮೊದಲ ಪಾಠ, ಕಂಡದ್ದನ್ನು ಕಂಡ ಕೂಡಲೇ ತಾರೀಖು ಹಾಕಿ ಬರೆಯಿರಿ, ನೆನಪಿನಿಂದ ಬರೆಯಬೇಡಿ ಎಂಬುದು. ಅದನ್ನೇ ಮನೆಯಲ್ಲೂ ಜಾರಿಗೆ ತಂದೆ. ಅಮ್ಮನ ಮಂಚದ ಪಕ್ಕ ಒಂದು ನೋಟುಪುಸ್ತಕ, ದಾರ ಕಟ್ಟಿದ ಪೆನ್ನು. ರಕ್ತದೊತ್ತಡ, ಮಾತ್ರೆ, ಊಟ, ತಕರಾರು ಹೀಗೆ ನಾಲ್ಕೇ ಅಂಕಣ. ಅಮ್ಮನಿಗೆ ತಲೆ ಸುತ್ತು ಬರುತ್ತಿದ್ದ ಕಾಲಕ್ಕೆ ಕುಮಟಾದ ವೈದ್ಯರು ಆ ಪುಟಗಳನ್ನು ತಿರುವಿ ಹಾಕಿದರು. ಸುತ್ತು ಬಂದದ್ದೆಲ್ಲ ಬೆಳಗಿನ ಜಾವ ಹಾಸಿಗೆಯಿಂದ ಎದ್ದ ಕೂಡಲೇ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ, ಪುಸ್ತಕದಲ್ಲಿ ಇತ್ತು. ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ರಕ್ತದೊತ್ತಡ ನೋಡಿ ಎಂದರು. ನಿಂತಾಗ ಅದು ಇಳಿಯುತ್ತಿತ್ತು. ಅವರು ಮಾತ್ರೆಯ ಪ್ರಮಾಣ ಬದಲಿಸಿದರು. ಏಳುವ ಮೊದಲು ಎರಡು ನಿಮಿಷ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿರಬೇಕೆಂದು ಅಮ್ಮನಿಗೆ ಹೇಳಿದರು.

ಜಗಲಿಗೆ ಮೊದಲು ಬಂದವರು ಪಿಂಚಣಿ ಅರ್ಜಿ ಹಿಡಿದವರು, ಬ್ಯಾಂಕಿನ ನೋಟಿಸ್ ಓದಿಸಿಕೊಳ್ಳುವವರು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಆಮೇಲೊಂದು ದಿನ ಅಂಬಿಗರ ಕೇರಿಯ ಹೆಂಗಸೊಬ್ಬರು ಬಂದು, ‘ಬಾವಿ ನೀರಿನಲ್ಲಿ ಬೇಳೆ ಬೇಯುತ್ತಿಲ್ಲ, ನೀವು ನೀರಿನ ಮಾಸ್ತರರಂತಲ್ಲ’ ಎಂದರು. ನಾನು ನೀರಿನ ಮಾಸ್ತರನಲ್ಲ, ಆದರೆ ಬೇಳೆ ಯಾಕೆ ಬೇಯುವುದಿಲ್ಲ ಎಂಬುದು ಗೊತ್ತಿತ್ತು. ಸಮುದ್ರದ ನೀರು ತರುವುದು ಬರೀ ಉಪ್ಪನ್ನಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಕೂಡ ಅದರೊಡನೆ ಬರುತ್ತವೆ. ನೀರು ಗಡಸಾಗುತ್ತದೆ, ಗಡಸು ನೀರಿನಲ್ಲಿ ಬೇಳೆ ಮೆತ್ತಗಾಗುವುದು ಕಷ್ಟ.

ನಮ್ಮೂರು ಅಘನಾಶಿನಿ ಅಳಿವೆಯ ದಂಡೆಯದು. ಶಿರಸಿಯ ಮಗ್ಗುಲಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ತದಡಿಯಲ್ಲಿ ಸಮುದ್ರ ಸೇರುವ ಹೊಳೆ. ಭರತದ ಹೊತ್ತಿಗೆ ಉಪ್ಪುನೀರು ಒಳನಾಡಿನವರೆಗೆ ಏರಿ ಬರುತ್ತದೆ. ದಂಡೆಯ ಗಜನಿ ಎಂಬ ತಗ್ಗಿನ ಉಪ್ಪುಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಮಣ್ಣಿನ ಕಟ್ಟೆ, ಅದಕ್ಕೆ ನೀರು ಬಿಡುವ, ತಡೆಯುವ ಜಂತ್ರಡಿ ಬಾಗಿಲು. ಬಾಗಿಲು ತೆಗೆಯುವುದು, ಮುಚ್ಚುವುದು, ಕಟ್ಟೆಗೆ ಮಣ್ಣು ಏರಿಸುವುದು ಇವೆಲ್ಲ ಊರೊಟ್ಟಿನ ಕೆಲಸವಾಗಿತ್ತು. ಸೀಗಡಿಯ ಆದಾಯ ಕಂಡ ಮೇಲೆ ಭತ್ತ ಹಿಂದೆ ಸರಿಯಿತು, ಕಟ್ಟೆ ಎಲ್ಲರದ್ದಾಗಿದ್ದುದು ಯಾರದ್ದೂ ಅಲ್ಲದ್ದಾಯಿತು. ಸೀಗಡಿ ಬೆಳೆಸಿದವರನ್ನು ನಾನು ದೂರುವುದಿಲ್ಲ. ನನಗೆ ತಿಂಗಳಿಗೆ ತಪ್ಪದೆ ಪಿಂಚಣಿ ಬರುತ್ತದೆ, ಅವರಿಗೆ ಬರುವುದಿಲ್ಲ. ಕಟ್ಟೆ ಮಾತ್ರ ಒಂದು ಮಳೆಗಾಲದಲ್ಲಿ ಒಡೆಯಿತು, ಬೇಳೆ ಬೇಯದ ದೂರು ಬಂದದ್ದು ಅದರ ಮುಂದಿನ ಬೇಸಿಗೆಯಲ್ಲಿ.

ಹೊರಕೋಣೆಯಲ್ಲಿ ಪ್ರಯೋಗಾಲಯ ಹೂಡಿದೆ. ದೊಡ್ಡ ಸಂಭ್ರಮವೇನಲ್ಲ: ಸ್ಟ್ಯಾಂಡಿಗೆ ಸಿಕ್ಕಿಸಿದ ಒಂದು ಬ್ಯುರೆಟ್ (ಅಳತೆಯ ಗೆರೆ, ಬುಡದಲ್ಲಿ ನಲ್ಲಿ ಇರುವ ಗಾಜಿನ ಕೊಳವೆ), ಒಂದು ಪಿಪೆಟ್, ಮೂರು ಶಂಕುವಿನಾಕಾರದ ಫ್ಲಾಸ್ಕ್, ಹಿಂದೆ ಬಿಳಿ ಕಾಗದ. 50 ಮಿಲಿಲೀಟರ್ ಬಾವಿ ನೀರಿಗೆ ಕೆಲವು ಹನಿ ಪೊಟ್ಯಾಸಿಯಂ ಕ್ರೋಮೇಟ್ ಹಾಕಿದರೆ ನೀರು ಹಳದಿ. ಬ್ಯುರೆಟ್ಟಿನಿಂದ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಡುತ್ತಾ ಫ್ಲಾಸ್ಕನ್ನು ತಿರುಗಿಸುತ್ತಿರಬೇಕು. ಬೆಳ್ಳಿ ಮೊದಲು ನೀರಿನ ಉಪ್ಪಿನಲ್ಲಿರುವ ಕ್ಲೋರೈಡನ್ನು ಹಿಡಿದು ಬಿಳಿಯ ಗಸಿಯಾಗಿ ಇಳಿಯುತ್ತದೆ. ಹನಿ ಬಿದ್ದಲ್ಲಿ ಇಟ್ಟಿಗೆಗೆಂಪು ಮಿಂಚಿ, ತಿರುಗಿಸಿದ ಕೂಡಲೇ ಅಳಿಸಿಹೋಗುತ್ತದೆ. ಕ್ಲೋರೈಡ್ ತೀರಿದ ಮರುಕ್ಷಣ ಆ ಕೆಂಪು ಅಳಿಸದೆ ನಿಲ್ಲುತ್ತದೆ. ಅಲ್ಲಿಗೆ ನಲ್ಲಿ ಮುಚ್ಚಬೇಕು. ದ್ರಾವಣವನ್ನು 0.0141 ನಾರ್ಮಲ್ ಶಕ್ತಿಗೆ ಮಾಡಿಟ್ಟುಕೊಂಡರೆ ಲೆಕ್ಕ ಸುಲಭ: ಖರ್ಚಾದ ಪ್ರತಿ ಮಿಲಿಲೀಟರಿಗೆ ಲೀಟರ್ ನೀರಿನಲ್ಲಿ 10 ಮಿಲಿಗ್ರಾಂ ಕ್ಲೋರೈಡ್. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಸ್ವೀಕಾರಾರ್ಹ ಮಿತಿ 250, ಬೇರೆ ನೀರೇ ಇಲ್ಲದಾಗ 1000. ಸಮುದ್ರದ ನೀರಿನಲ್ಲಿ ಅದು 19,000ದ ಆಸುಪಾಸು. ಕ್ರೋಮೇಟ್ ವಿಷ. ಬಳಸಿದ ನೀರನ್ನು ಅಂಗಳಕ್ಕೆ ಚೆಲ್ಲದೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ವಿಲೇವಾರಿಯ ವ್ಯವಸ್ಥೆ ಇರುವ ಪ್ರಯೋಗಾಲಯಕ್ಕೆ ಕೊಡುತ್ತೇನೆ. ಸಿಲ್ವರ್ ನೈಟ್ರೇಟ್ ತಗಲಿದ ಬೆರಳು ಕಪ್ಪಾಗುತ್ತದೆ, ಸೋಪಿಗೆ ಹೋಗುವುದಿಲ್ಲ. ಅಮ್ಮ ನನ್ನ ಬೆರಳು ನೋಡಿ, ‘ಗೇರುಬೀಜದ ಸೊನೆ ತಾಗಿಸಿಕೊಂಡೆಯಾ, ಎಣ್ಣೆ ಹಚ್ಚಿ ಸುಲಿಯಬಾರದೇ’ ಎಂದು ಬೈದಳು.

ಕೇರಿಯ ಬಾವಿಗಳು, ಶಾಲೆಯ ಬಾವಿ, ಗುಡ್ಡದ ಬುಡದ ಹಾಲಕ್ಕಿ ಒಕ್ಕಲಿಗರ ಕೊಪ್ಪದ ಬಾವಿ, ನಮ್ಮದು ಎಲ್ಲದರ ನೀರನ್ನೂ ತಿಂಗಳಿಗೊಮ್ಮೆ ತರಿಸಿ, ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ತರುವವರು ಹೈಸ್ಕೂಲಿನ ಹುಡುಗರು. ಶೀಶೆಯ ಮೇಲೆ ಬಾವಿಯ ಹೆಸರು, ತಾರೀಖು, ಅಂದು ಪಂಪು ಓಡಿತ್ತೇ ಇಲ್ಲವೇ ಎಂಬುದನ್ನು ಬರೆಯದ ಶೀಶೆಯನ್ನು ನಾನು ಮುಟ್ಟುತ್ತಿರಲಿಲ್ಲ. ಹುಡುಗರು ಹಿಂದಿನಿಂದ ನನಗೊಂದು ಅಡ್ಡಹೆಸರು ಇಟ್ಟಿದ್ದಾರೆ, ಅದನ್ನಿಲ್ಲಿ ಬರೆಯುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. ಗುಡ್ಡದ ಬುಡದ ಬಾವಿಗಳು ಮಳೆಗಾಲಕ್ಕೂ ಬೇಸಿಗೆಗೂ ಹೆಚ್ಚುಕಡಿಮೆ ಒಂದೇ. ಒಡೆದ ಕಟ್ಟೆಯ ಹತ್ತಿರದವು ಜುಲೈಯಲ್ಲಿ ನಾಲ್ಕೈದು ಮಿಲಿಲೀಟರಿಗೆ ಮುಗಿಯುತ್ತಿದ್ದರೆ, ಮೇ ತಿಂಗಳಲ್ಲಿ ತುಂಬಿದ ಬ್ಯುರೆಟ್ಟನ್ನೇ ಖಾಲಿ ಮಾಡುತ್ತಿದ್ದವು.

ಇಲ್ಲಿ ಜನ ಮಾಡುತ್ತಿದ್ದ ಒಂದು ಕೆಲಸ ಉಪ್ಪನ್ನು ಇನ್ನಷ್ಟು ಎಳೆಯುತ್ತಿತ್ತು. ಮೇ ತಿಂಗಳಲ್ಲಿ ನೀರು ಇಳಿದ ಕೂಡಲೇ ಬಾವಿ ಆಳ ಮಾಡಿಸುವುದು. ಕರಾವಳಿಯ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಮಟ್ಟದ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ ಎಂಬುದು ಭೂಜಲ ಶಾಸ್ತ್ರದ ಹಳೆಯ ಲೆಕ್ಕ. ಅಂದರೆ ಮೇಲೆ ಒಂದು ಅಡಿ ಇಳಿಸಿದರೆ ಕೆಳಗಿನಿಂದ ಉಪ್ಪು ನಲವತ್ತು ಅಡಿ ಏರಲು ದಾರಿ ಮಾಡಿಕೊಟ್ಟಂತೆ. ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಯಾರೂ ಒಪ್ಪುವುದಿಲ್ಲ. ಪುಸ್ತಕ ತೆರೆದು, ಇದು ನಿಮ್ಮ ಬಾವಿ, ಇದು ಪಕ್ಕದವರದು, ಅವರು ಆಳ ಮಾಡಿಸಿದ ತಿಂಗಳು ಇದು, ಮುಂದಿನ ಅಂಕಿ ನೀವೇ ಓದಿ ಎಂದಾಗ ಒಪ್ಪಿದರು. ಪಂಪನ್ನು ಒಂದೇ ಸಮನೆ ಓಡಿಸದೆ ಬಿಟ್ಟು ಬಿಟ್ಟು ಓಡಿಸುವುದು, ಮಾಡಿನ ನೀರನ್ನು ಜಲ್ಲಿ, ಮರಳು ತುಂಬಿದ ಗುಂಡಿಯಲ್ಲಿ ಸೋಸಿ ಬಾವಿಗೆ ಬಿಡುವುದು, ಇವೆರಡನ್ನು ಕೆಲವು ಮನೆಯವರು ಹಿಡಿದಿದ್ದಾರೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರಿನಲ್ಲಿ ನೂರು ಚದರ ಮೀಟರಿನ ಹೆಂಚಿನ ಮಾಡಿನ ಮೇಲೆ ಬೀಳುವ ನೀರೇ ಮೂರು ಲಕ್ಷ ಲೀಟರ್. ಗ್ರಾಮಸಭೆಯಲ್ಲಿ ಕಟ್ಟೆಯ ದುರಸ್ತಿಗೆ ಅರ್ಜಿ ಕೊಟ್ಟಾಗ ಆ ಪುಸ್ತಕದ ಪುಟಗಳನ್ನೇ ನಕಲು ಮಾಡಿ ಲಗತ್ತಿಸಿದೆವು. ಕಟ್ಟೆ ರಿಪೇರಿಯಾಯಿತು, ಆದರೆ ತಡವಾಗಿ.

ಇನ್ನೊಂದು ಪುಸ್ತಕ ಅಮ್ಮನ ಬಾಯಿಂದ ಬಂದದ್ದು. ನಮ್ಮ ಕಡೆ ಪಹಣಿಯಲ್ಲಿ ಇನ್ನೂ ಅಜ್ಜಂದಿರೇ ಬದುಕಿದ್ದಾರೆ. 1974ರ ಭೂಸುಧಾರಣೆಯ ನಂತರ ಅರ್ಜಿ ಹಾಕಿ ಭೂನ್ಯಾಯಮಂಡಳಿಯಿಂದ ಗೇಣಿ ಭೂಮಿ ಪಡೆದ ಅಜ್ಜ ತೀರಿಕೊಂಡು ಎಷ್ಟೋ ಕಾಲವಾದರೂ ಮೊಮ್ಮಕ್ಕಳು ಪೌತಿ ಖಾತೆ, ಅಂದರೆ ತೀರಿಕೊಂಡವರ ಭೂಮಿಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಖಾತೆ, ಮಾಡಿಸಿಲ್ಲ. ಖಾತೆ ಇಲ್ಲದಿದ್ದರೆ ಬೆಳೆಸಾಲವಿಲ್ಲ, ಪರಿಹಾರವಿಲ್ಲ. ಖಾತೆಗೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ಅಜ್ಜನ ಮಕ್ಕಳೆಷ್ಟು, ಯಾರು ಎಲ್ಲಿಗೆ ಮದುವೆಯಾಗಿ ಹೋದರು, ಯಾವ ಮಗು ತೀರಿಕೊಂಡಿತು ಎಂಬುದು ಮೊಮ್ಮಕ್ಕಳಿಗೆ ಗೊತ್ತಿಲ್ಲ. ಅಮ್ಮನಿಗೆ ಗೊತ್ತು. ಊರಿನ ಎಲ್ಲ ಕೇರಿಗಳದ್ದೂ ಗೊತ್ತು. ಅವಳ ಬಳಿ ಇಸವಿಗಳಿಲ್ಲ ಅಷ್ಟೆ. ‘ಗಾಂಧಿ ಸತ್ತ ಮಾರನೆಯ ವರ್ಷದ ಬೇಸಿಗೆ’ ಎಂದರೆ 1949. ‘ರೈಲು ಬಂದ ಮಳೆಗಾಲ’ ಎಂದರೆ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ 1998. ನಾನು ಬರೆದುಕೊಂಡು, ಮನೆಯವರೊಡನೆ ತಾಳೆ ನೋಡಿ, ಕರಡು ಮಾಡಿಕೊಡುತ್ತೇನೆ. ಅಧಿಕೃತ ಪ್ರಮಾಣಪತ್ರ ಕೊಡುವುದು ಸರಕಾರದ ಕೆಲಸ. ನೋಂದಣಿಯೇ ಆಗದ ಹಳೆಯ ಸಾವುಗಳದ್ದು ಬೇರೆಯೇ ಪಾಡು: ಒಂದು ವರ್ಷ ಮೀರಿದ್ದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು.

ಈ ಕೆಲಸದಲ್ಲಿ ನನ್ನದೊಂದು ಹಟವಿದೆ. ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷ ನಾನು ಬರೆಯುವುದಿಲ್ಲ. ‘ಅವರಿಗೆ ಮದುವೆಯಲ್ಲಿ ಕೊಟ್ಟಾಗಿದೆ, ಅವರು ಕೇಳುವುದೂ ಇಲ್ಲ, ಸುಮ್ಮನೆ ಯಾಕೆ’ ಎಂದು ಅಣ್ಣತಮ್ಮಂದಿರು ನಯವಾಗಿ ಹೇಳುತ್ತಾರೆ. ಕೇಳುವುದು ಬಿಡುವುದು ಅವರ ಇಷ್ಟ, ಹುಟ್ಟಿದ್ದನ್ನು ಅಳಿಸಲು ನಾನ್ಯಾರು? ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅವರ ಹೆಸರು ಮುಚ್ಚಿಟ್ಟು ಮಾಡಿಸಿದ ಖಾತೆ ನಾಳೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದೂ ಹೇಳುತ್ತೇನೆ. ಕೆಲವರು ಕಾಗದ ಮಡಚಿಕೊಂಡು ಬೇರೆಯವರ ಬಳಿ ಹೋದರು, ಹೋಗಲಿ. ಈ ಹಟಕ್ಕೆ ಬಲ ಬರಬೇಕಾದರೆ ನಮ್ಮ ಮನೆಯದು ಮೊದಲು ಸರಿಯಾಗಬೇಕಿತ್ತು. ಅಪ್ಪನ ಆಸ್ತಿಗೆ ತಂಗಿಯರಿಬ್ಬರ ಹೆಸರನ್ನೂ ಸೇರಿಸಿಯೇ ಖಾತೆ ಮಾಡಿಸಿದೆವು. ತಮ್ಮ ಕೆಲಕಾಲ ಮುಖ ಗಂಟಿಕ್ಕಿಕೊಂಡಿದ್ದ. ಶಿರಸಿಯ ತಂಗಿ ತನ್ನ ಪಾಲಿನ ತೆಂಗಿನಕಾಯಿಗೆ ಪ್ರತಿ ವರ್ಷ ಲೆಕ್ಕ ಕೇಳುತ್ತಾಳೆ, ನಾನು ಕೊಡುತ್ತೇನೆ. ಕಾಯಿಯ ದರದಲ್ಲಿ ಮಾತ್ರ ನಮ್ಮಿಬ್ಬರಿಗೆ ಇನ್ನೂ ಒಮ್ಮತವಿಲ್ಲ.

ಬಾವಿಯ ಪುಸ್ತಕ ಈಗ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿಯ ಕೈಯಲ್ಲಿದೆ. ಅವರು ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿ ಗೆರೆಚಿತ್ರ ಮಾಡಿಸಿದ್ದಾರೆ, ನನ್ನ ವಿರೋಧವಿಲ್ಲ. ಕಾಗದದ ಪುಸ್ತಕವೂ ಮುಂದುವರಿಯಬೇಕು ಎಂಬ ಒಂದೇ ಷರತ್ತು ಹಾಕಿದ್ದೇನೆ. ಸಿಲ್ವರ್ ನೈಟ್ರೇಟಿನ ಖರ್ಚು ನನ್ನದು. ವಂಶವೃಕ್ಷದ ಕಂತೆ ಜಗಲಿಯಲ್ಲೇ ಇದೆ. ಬರುವ ಸೋಮವಾರ ಎರಡು ಮನೆಯವರೊಡನೆ ನಾಡಕಚೇರಿಗೆ ಹೋಗಬೇಕು. ಒಂದು ಮನೆಯ ಅಜ್ಜನಿಗೆ ಪಹಣಿಯಲ್ಲಿ ಒಂದು ಹೆಸರು, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು. ಇಬ್ಬರೂ ಒಬ್ಬನೇ ಎಂದು ಅಮ್ಮ ಹೇಳುತ್ತಾಳೆ, ಅದಕ್ಕೆ ಅಫಿಡವಿಟ್ ಆಗಬೇಕು.