ನೈಟ್ ಡ್ಯೂಟಿ ಇನ್‌ಚಾರ್ಜ್ ನೀವೇ ಆದಾಗ ಕೆಲಸ ಹಂಚುವುದು ಹೇಗೆ?

ಮೂವತ್ತು ಬೆಡ್‌ಗಳ ಸರ್ಜಿಕಲ್ ವಾರ್ಡ್. ನಿಮ್ಮ ಜೊತೆ ಇಬ್ಬರು ಸ್ಟಾಫ್ ನರ್ಸ್, ಒಬ್ಬ ವಿದ್ಯಾರ್ಥಿನಿ, ಒಬ್ಬ ಆಯಾ, ಒಬ್ಬ ವಾರ್ಡ್ ಬಾಯ್. ನಿನ್ನೆವರೆಗೆ ನಿಮ್ಮ ಪಾಲಿನ ರೋಗಿಗಳನ್ನು ನೋಡಿಕೊಂಡರೆ ಸಾಕಿತ್ತು. ಇವತ್ತಿಂದ ಬೇರೆಯವರ ಕೈಲಿ ಕೆಲಸ ಮಾಡಿಸಬೇಕು. ಎಲ್ಲ ನಾನೇ ಮಾಡ್ತೀನಿ ಅಂತ ಓಡಾಡಿದರೆ ರಾತ್ರಿ ಎರಡು ಗಂಟೆ ಹೊತ್ತಿಗೆ ಸುಸ್ತಾಗಿ ತಪ್ಪು ಮಾಡುವವರು ನೀವೇ ಆಗಿರುತ್ತೀರಿ.

ನಾನು ಹೊಸದಾಗಿ ಇನ್‌ಚಾರ್ಜ್ ಆದಾಗ ನಡೆದದ್ದು ಹೇಳ್ತೀನಿ. ಆಪರೇಷನ್ ಆಗಿ ಒಂದು ದಿನವಾಗಿದ್ದ ಅಜ್ಜ ಒಬ್ಬರಿದ್ದರು. ಆಯಾಗೆ, 'ಅಕ್ಕಾ, ತಾತನ ಯೂರಿನ್ ಬ್ಯಾಗ್ ಸ್ವಲ್ಪ ನೋಡ್ಕೊಳ್ಳಿ' ಅಂದು ಮುಂದಿನ ಬೆಡ್‌ಗೆ ಹೋದೆ. ಅವರು ನೋಡಿಕೊಂಡರು, ಖಾಲಿ ಮಾಡಿ ಚೆಲ್ಲಿದರು, ಬ್ಯಾಗ್ ಚೊಕ್ಕವಾಗಿಟ್ಟರು. ಬೆಳಗ್ಗೆ ಡಾಕ್ಟರ್ ಬಂದು ರಾತ್ರಿ ಎಷ್ಟು ಹೋಗಿದೆ ಅಂತ ಕೇಳಿದಾಗ ಇನ್‌ಟೇಕ್-ಔಟ್‌ಪುಟ್ ಚಾರ್ಟ್ (ದೇಹಕ್ಕೆ ಎಷ್ಟು ನೀರು ಹೋಯ್ತು, ಎಷ್ಟು ಹೊರಬಂತು ಅಂತ ಬರೆಯುವ ಹಾಳೆ) ಖಾಲಿ. ತಪ್ಪು ಆ ಅಕ್ಕನದಲ್ಲ. ಅಳೆಯಬೇಕು ಅಂತ ನಾನು ಹೇಳಿಯೇ ಇರಲಿಲ್ಲ.

ಹಾಗಾಗಿ ಮೊದಲ ಹೆಜ್ಜೆ ರೌಂಡ್ಸ್. ಹಿಂದಿನ ಶಿಫ್ಟ್‌ನವರಿಂದ ಹ್ಯಾಂಡೋವರ್ ತೆಗೆದುಕೊಂಡ ಕೂಡಲೇ ಕುರ್ಚಿಯಲ್ಲಿ ಕೂತು ಡ್ಯೂಟಿ ಹಂಚಬೇಡಿ. ಒಂದು ಸುತ್ತು ಹೋಗಿ ಪ್ರತಿ ರೋಗಿಯ ಮುಖ, ಡ್ರಿಪ್, ಡ್ರೆಸ್ಸಿಂಗ್ ನೋಡಿ. ಸಂಜೆ 'ಸ್ಟೇಬಲ್' ಅಂದಿದ್ದ ರೋಗಿ ರಾತ್ರಿ ಒಂಬತ್ತಕ್ಕೆ ಬೆವರುತ್ತಾ ಮಲಗಿರಬಹುದು.

ಆಮೇಲೆ ಯಾವ ಕೆಲಸ ಯಾರಿಗೆ ಅನ್ನೋದು. ಅಮೆರಿಕದ ನರ್ಸಿಂಗ್ ಸಂಸ್ಥೆಗಳು ಇದಕ್ಕೆ ಐದು 'ಸರಿ'ಗಳನ್ನು ಹೇಳುತ್ತವೆ: ಸರಿಯಾದ ಕೆಲಸ, ಸರಿಯಾದ ಸನ್ನಿವೇಶ, ಸರಿಯಾದ ವ್ಯಕ್ತಿ, ಸರಿಯಾದ ಸೂಚನೆ, ಸರಿಯಾದ ಮೇಲ್ವಿಚಾರಣೆ. ನಮ್ಮ ವಾರ್ಡ್‌ಗೂ ಇದು ಚೆನ್ನಾಗಿ ಹೊಂದುತ್ತದೆ. ಬೆಡ್‌ಪ್ಯಾನ್ ಕೊಡುವುದು, ಮಗ್ಗುಲು ಬದಲಿಸಲು ಕೈಜೋಡಿಸುವುದು, ಸ್ಯಾಂಪಲ್ ಲ್ಯಾಬ್‌ಗೆ ಮುಟ್ಟಿಸುವುದು ಆಯಾ, ವಾರ್ಡ್ ಬಾಯ್ ಮಾಡಬಹುದು. ಸ್ಟೇಬಲ್ ಇರುವ ರೋಗಿಯ ಬಿಪಿ, ಟೆಂಪರೇಚರ್ ವಿದ್ಯಾರ್ಥಿನಿ ನೋಡಲಿ, ಆದರೆ ಒಬ್ಬ ಸಿಸ್ಟರ್ ಜೊತೆಗಿರಲಿ. ರೋಗಿಯ ಸ್ಥಿತಿ ಅಂದಾಜಿಸುವುದು, ಔಷಧಿ ಕೊಡುವುದು ಮಾತ್ರ ನರ್ಸ್ ಕೈ ಬಿಟ್ಟು ಹೋಗಬಾರದು, ಎಷ್ಟೇ ರಶ್ ಇರಲಿ.

ಕೆಲವನ್ನು ಇಬ್ಬರು ನರ್ಸ್‌ಗಳು ಸೇರಿಯೇ ಚೆಕ್ ಮಾಡಬೇಕು. ಇನ್ಸುಲಿನ್ ತೆಗೆದುಕೊಳ್ಳಿ. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ವಯಲ್ಲೂ ಸಿಗುತ್ತದೆ, 100 ಯೂನಿಟ್‌ನದ್ದೂ ಸಿಗುತ್ತದೆ. 40ರ ಸಿರಿಂಜ್‌ಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಅರೆನಿದ್ದೆಯಲ್ಲಿ 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 10ರ ಗೆರೆವರೆಗೆ ಎಳೆದರೆ ರೋಗಿಗೆ ಹೋಗುವುದು 25 ಯೂನಿಟ್. ಪೊಟ್ಯಾಸಿಯಂ ಕ್ಲೋರೈಡ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ), ರಕ್ತ ಹಾಕುವುದು, ಇವಕ್ಕೂ ಇದೇ ಎಚ್ಚರ. ರಕ್ತ ಶುರು ಮಾಡಿದ ಮೊದಲ 15 ನಿಮಿಷ ಒಬ್ಬ ನರ್ಸ್ ಬೆಡ್ ಪಕ್ಕವೇ ಇರಬೇಕು. ಆ ಹೊತ್ತಲ್ಲಿ ಅವರಿಗೆ ಬೇರೆ ಕೆಲಸ ಹೇಳಲೇಬೇಡಿ.

ಇನ್ನು ಹೇಳುವ ರೀತಿ. 'ನೋಡ್ಕೊಳ್ಳಿ' ಅನ್ನೋ ಮಾತು ಬಿಟ್ಟುಬಿಡಿ. 'ಅಕ್ಕಾ, 12ನೇ ಬೆಡ್ ತಾತನ ಬ್ಯಾಗ್ ಖಾಲಿ ಮಾಡುವ ಮುಂಚೆ ನನ್ನ ಕರೀರಿ, ನಾನು ಅಳೆದು ಬರ್ಕೋತೀನಿ. ಬ್ಯಾಗ್‌ನಲ್ಲಿ ರಕ್ತ ಕಂಡರೆ ನಾನು ಎಲ್ಲೇ ಇದ್ದರೂ ಬಂದು ಹೇಳಿ' ಅನ್ನಿ. ಸ್ಟಾಫ್ ನರ್ಸ್‌ಗಾದರೆ, 'ಗಂಟೆಗೊಮ್ಮೆ ಯೂರಿನ್ ಅಳೆಯಿರಿ, 30 ಎಂಎಲ್‌ಗಿಂತ ಕಡಿಮೆಯಾದರೆ ತಕ್ಷಣ ತಿಳಿಸಿ' ಅಂತ ಅಂಕಿ ಸಮೇತ ಹೇಳಿ. ಏನು ಹೇಳಿದೆ ಅಂತ ಒಮ್ಮೆ ತಿರುಗಿ ಹೇಳಿಸಿ. ಮೊದಲೆರಡು ದಿನ ಇಬ್ಬರಿಗೂ ಮುಜುಗರ, ಆಮೇಲೆ ಅಭ್ಯಾಸವಾಗುತ್ತೆ.

'ಇದನ್ನ ಮುಂಚೆ ಮಾಡಿದ್ದೀರಾ?' ಅಂತ ಕೇಳುವುದನ್ನು ಮರೆಯಬೇಡಿ. ಜೂನಿಯರ್ 'ಇಲ್ಲ ಸಿಸ್ಟರ್, ಭಯ ಆಗುತ್ತೆ' ಅಂದರೆ ಗದರಬೇಡಿ. ಆ ಹುಡುಗಿ ಸತ್ಯ ಹೇಳಿ ರೋಗಿಯನ್ನು ಕಾಪಾಡಿದ್ದಾಳೆ. ಜೊತೆಗೆ ನಿಂತು ತೋರಿಸಿಕೊಡಿ. ಹಾಗೇ ಕಷ್ಟದ ಬೆಡ್‌ಗಳೆಲ್ಲ ದಿನಾ ಅದೇ ಬಾಯಿಲ್ಲದ ಹುಡುಗಿಯ ಪಾಲಿಗೆ ಬರ್ತಿವೆಯಾ ಅಂತಲೂ ನೋಡಿ. ಇದು ಎಷ್ಟೋ ವಾರ್ಡ್‌ಗಳಲ್ಲಿ ನಡೆಯುವ ಅನ್ಯಾಯ, ನನಗೆ ತುಂಬಾ ನೋವು ಕೊಡುವ ವಿಷಯ.

ಕೆಲಸ ಕೊಟ್ಟ ಮೇಲೆ ಹೋಗಿ ನೋಡಿ. ಕೆಲಸ ಮಾಡಿದವರಿಗೆ ಅವರ ಜವಾಬ್ದಾರಿ ಇದ್ದೇ ಇದೆ, ಆದರೆ ಕೊಟ್ಟ ನಿಮ್ಮ ಜವಾಬ್ದಾರಿ ಅದರಿಂದ ಕಳೆದುಹೋಗಲ್ಲ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 1953ರಲ್ಲಿ ಒಪ್ಪಿ 2021ರಲ್ಲಿ ಪರಿಷ್ಕರಿಸಿದ ನೀತಿ ಸಂಹಿತೆಯಲ್ಲೂ ನರ್ಸ್‌ನ ವೈಯಕ್ತಿಕ ಹೊಣೆಯ ಮಾತಿದೆ. ಕಣ್ಣಲ್ಲಿ ನೋಡದ ಬಿಪಿಯನ್ನು 120/80 ಅಂತ ಸುಮ್ನೆ ಬರೆದು ಸಹಿ ಹಾಕಬೇಡಿ, ಯಾರ ಕೈಲೂ ಹಾಕಿಸಬೇಡಿ.

ತಪ್ಪಾದರೆ? ಮೊದಲು ರೋಗಿಯನ್ನು ನೋಡಿ, ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿ. ಆಮೇಲೆ ನಡೆದದ್ದನ್ನು ನಡೆದ ಹಾಗೇ, ಸಮಯದ ಜೊತೆ ಕೇಸ್ ಶೀಟ್‌ನಲ್ಲಿ ಬರೆಯಿರಿ. ವೈಟ್‌ನರ್ ಮುಟ್ಟಬೇಡಿ. ತಪ್ಪಾಗಿ ಬರೆದದ್ದಕ್ಕೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಮಾಡಿ. ಜೂನಿಯರ್‌ನ ಎಲ್ಲರೆದುರು ನಿಲ್ಲಿಸಿ ಬೈದರೆ ಮುಂದಿನ ಸಲ ಅವಳು ನಿಮಗೆ ಹೇಳುವುದೇ ಇಲ್ಲ, ಅಲ್ವಾ?

ಬೆಳಗ್ಗೆ 8ಕ್ಕೆ ಮುಂದಿನ ಶಿಫ್ಟ್‌ನವರು ಬಂದಾಗ ಟೇಬಲ್ ಹತ್ತಿರ ನಿಂತು ಓದಿ ಒಪ್ಪಿಸಬೇಡಿ. ಬೆಡ್‌ನಿಂದ ಬೆಡ್‌ಗೆ ಕರೆದುಕೊಂಡು ಹೋಗಿ. 12ನೇ ಬೆಡ್ ಹತ್ತಿರ ಬ್ಯಾಗ್ ಎತ್ತಿ ತೋರಿಸಿ, ಚಾರ್ಟ್‌ನ ಅಂಕಿ ಓದಿ, ಇನ್ನೂ ಉಳಿದಿರುವ ಕೆಲಸ ಯಾರ ಪಾಲಿಗೆ ಅಂತ ಅಲ್ಲೇ ಕೇಳಿ ಬರೆಸಿ.