ಗಟಾರ ಕೆಲಸದ ಬಾಕಿ ಪಗಾರ ಬಂದ ಬಗೆ

ಗದಗದ ಒಂದು ಸರ್ಕಾರಿ ಗಟಾರ ಕಾಮಗಾರಿ. ಹಾಜರಿ ಪುಸ್ತಕದಲ್ಲಿ ಪೂರ್ತಿ ಕನಿಷ್ಠ ವೇತನ, ಕೈಗೆ ಮಾತ್ರ ಕಡಿಮೆ. ‘ಪಗಾರ ಸಾಲದು’ ಎಂದಷ್ಟೇ ಬರೆದ ಮೊದಲ ಅರ್ಜಿ ನಿಲ್ಲಲಿಲ್ಲ. ಲೆಕ್ಕ ಬೇಕು: ಮೂಲ ವೇತನಕ್ಕೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುವ ತುಟ್ಟಿಭತ್ಯೆ ಸೇರಿಸಬೇಕು (ಇದನ್ನೇ ಎಲ್ಲರೂ ಮರೆಯುತ್ತಾರೆ), ಗೌಂಡಿಗೂ ಹೆಲ್ಪರ್‌ಗೂ ಬೇರೆ ದರ, ಹೆಚ್ಚುವರಿ ತಾಸಿಗೆ ದುಪ್ಪಟ್ಟು. ಸ್ಲ್ಯಾಬ್ ಹಾಕಿದ ದಿನದ ಓವರ್‌ಟೈಮ್ ಮೇಸ್ತ್ರಿಯ ಚೀಟಿಯಲ್ಲಿ ಸಿಕ್ಕಿತು, ಪೆನ್ಸಿಲ್ಲಿನಲ್ಲಿ ‘ರಾತ್ರಿ 9ರತನಕ’. ಅದನ್ನೂ ಪಾಸ್‌ಬುಕ್ ನಕಲನ್ನೂ ಲಗತ್ತಿಸಿ, ಹೆಸರುವಾರು ಪಟ್ಟಿ ಕಾರ್ಮಿಕ ನಿರೀಕ್ಷಕರಿಗೊಂದು, ಕಾಮಗಾರಿ ಕೊಟ್ಟ ಇಲಾಖೆಯ ಇಂಜಿನಿಯರಿಗೊಂದು. ಎರಡಕ್ಕೂ ಸ್ವೀಕೃತಿ ಮೊಹರು. ಇಂಜಿನಿಯರಿಗೆ ಕೊಟ್ಟ ಎರಡನೆಯದೇ ಮದ್ದು. ಗುತ್ತಿಗೆದಾರ ಕೊಡದಿದ್ದರೆ ಇಲಾಖೆಯೇ ಕೊಡಬೇಕು, ಆಮೇಲೆ ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ಹಾಗಾಗಿ ಅಂತಿಮ ಬಿಲ್ ಪಾಸಾಗುವ ಮುಂಚೆಯೇ ಅರ್ಜಿ ಹೋಗಬೇಕು. ಇಲ್ಲಿ ಹೋಗಿತ್ತು; ವ್ಯತ್ಯಾಸ ಖಾತೆಗೆ ಬಿತ್ತು.