‘ತುಂಬಾ ನಿಧಾನ’ ಅಂದ್ರೆ ಹೊಗಳಿಕೆನಾ, ದೂರಾ? ಆರಾಮ್ ಸ್ವಭಾವದವ್ರ ಬಗ್ಗೆ ಸರಿಯಾದ ಪದ ಹುಡುಕೋದು ಹೇಗೆ

ನಮ್ಮ ಆಫೀಸಲ್ಲಿ ಹಿರಿಯರೊಬ್ರು ರಿಟೈರ್ ಆದಾಗ ಅಭಿನಂದನಾ ಪತ್ರದಲ್ಲಿ ‘ಸದಾ ಉದಾಸೀನ ಭಾವದಿಂದ ಕೆಲಸ ಮಾಡಿದವರು’ ಅಂತ ಬರ್ದಿದ್ರು. ಬರ್ದ ಹುಡುಗನ ಮನಸ್ಸಲ್ಲಿದ್ದಿದ್ದು ಒಳ್ಳೇದೇ, ಏನೇ ಆದ್ರೂ ಅವ್ರು ಗಾಬರಿ ಆಗ್ತಿರ್ಲಿಲ್ಲ ಅನ್ನೋದು. ಅದನ್ನ ಮೈಕಲ್ಲಿ ಓದ್ತಿದ್ದಂಗೆ ಅವ್ರು ಕನ್ನಡಕ ತೆಗ್ದು ಒರೆಸ್ತಾ ಕೂತ್ರು, ಪತ್ರ ಓದಿ ಮುಗಿಯೋವರ್ಗೂ ತಲೆ ಎತ್ತಲಿಲ್ಲ. ಅವತ್ತಿಂದ ಈ ಪದಗಳ ಮೇಲೆ ಒಂದು ಕಣ್ಣಿಟ್ಟಿದೀನಿ, ಬೀಳ್ಕೊಡುಗೆ ಭಾಷಣ, ಮದುವೆ ಬಯೋಡೇಟಾ, ಶಿಫಾರಸು ಪತ್ರ ಎಲ್ಲಾ ಕಡೆ ಇದೇ ತಪ್ಪು ಆಗ್ತಿದೆ.

ಮೊದಲನೇ ಹೆಜ್ಜೆ ಸುಲಭ, ಯಾರ ಬಗ್ಗೆ ಬರೀತಿದೀರಿ, ಅದನ್ನ ಯಾರು ಓದ್ತಾರೆ ಅಂತ ಗೊತ್ತುಮಾಡ್ಕೊಳ್ಳಿ, ಅಷ್ಟೇ.

ಎರಡನೇದು, ಆ ಮನುಷ್ಯ ಯಾವುದರಲ್ಲಿ ಆರಾಮು ಅಂತ ನೋಡಿ. ಅವಸರ ಪಡಲ್ಲ ಅಂದ್ರೆ ನಿಧಾನಸ್ಥ, ಸಾವಧಾನಿ. ಸಿಟ್ಟು ಬರಲ್ಲ ಅಂದ್ರೆ ಶಾಂತ, ಸೌಮ್ಯ, ತಾಳ್ಮೆಯವರು. ಚಿಂತೆ ಮಾಡಲ್ಲ ಅಂದ್ರೆ ನಿಶ್ಚಿಂತ, ಬೇಫಿಕರ್. ಯಾರ ಜೊತೆ ಹಾಕಿದ್ರೂ ಹೊಂದ್ಕೊಂಡು ಹೋಗ್ತಾರೆ ಅಂದ್ರೆ ಅದು ಇನ್ನೊಂದೇ ಗುಣ. ಚಿಂತೆನೇ ಮಾಡದೆ ಇರೋರು ಮೂಗಿನ ತುದೀಲಿ ಕೋಪ ಇಟ್ಕೊಂಡಿರಬಹುದು, ಅಂಥವ್ರನ್ನ ಶಾಂತ ಸ್ವಭಾವ ಅಂತ ಬರೆದ್ರೆ ಮನೆಯವ್ರು ಒಪ್ಪಲ್ಲ.

ಮೂರನೇ ಹೆಜ್ಜೇಲೇ ಎಲ್ರೂ ಎಡವೋದು, ಇಲ್ಲಿ ಸ್ವಲ್ಪ ಟೈಮ್ ಕೊಡಿ. ನಮ್ಮ ಭಾಷೇಲಿ ಸಮಾಧಾನ ಅನ್ನೋದರ ಪಕ್ಕದ ಮನೇಲೇ ಸೋಮಾರಿತನ ಇದೆ, ಮಧ್ಯ ಗೋಡೆ ತುಂಬಾ ತೆಳು. ಪದ ಯಾವ ಮನೇದು ಅಂತ ತಿಳ್ಕೊಳ್ಳೋಕೆ ನಾನು ಒಂದು ಪರೀಕ್ಷೆ ಮಾಡ್ತೀನಿ, ಪದದ ಮುಂದೆ ‘ಆದ್ರೂ ಕೆಲಸ ಮುಗಿಸ್ತಾರೆ’ ಅಂತ ಸೇರಿಸಿ ಜೋರಾಗಿ ಓದ್ತೀನಿ. ‘ಅವ್ರು ನಿಧಾನ, ಆದ್ರೂ ಕೆಲಸ ಮುಗಿಸ್ತಾರೆ’, ಇದು ಕಿವಿಗೆ ಸರಿಯಾಗೇ ಕೇಳುತ್ತೆ. ಹಾಗಾದ್ರೆ ಆ ಪದದೊಳಗೆ ಒಂದು ದೂರು ಕೂತಿದೆ ಅಂತ ಅರ್ಥ. ‘ಅವ್ರು ಸಮಾಧಾನಿ, ಆದ್ರೂ ಕೆಲಸ ಮುಗಿಸ್ತಾರೆ’ ಅಂದಾಗ ಈ ‘ಆದ್ರೂ’ ಯಾಕೆ ಬಂತು ಅನಿಸುತ್ತೆ, ಅಂದ್ರೆ ಪದ ಒಳ್ಳೇದು, ಧೈರ್ಯವಾಗಿ ಬರೀರಿ.

ನಿಧಾನ ಅನ್ನೋ ಪದಕ್ಕೆ ಇದರಿಂದ ಅನ್ಯಾಯ ಆಗಬಾರದು. ಸಂಸ್ಕೃತದಲ್ಲಿ ಅದು ಇಟ್ಟ ಜಾಗ, ನಿಧಿ, ಕನ್ನಡಕ್ಕೆ ಬಂದು ತಾಳ್ಮೆ ಆಯ್ತು, ‘ನಿಧಾನವೇ ಪ್ರಧಾನ’ ಅಂತ ಗಾದೆನೂ ಆಯ್ತು, ‘ನಿಧಾನಿಸಿ ನೋಡು’ ಅಂದ್ರೆ ಇವತ್ತಿಗೂ ಯೋಚಿಸಿ ನೋಡು ಅಂತಾನೇ. ಆದ್ರೆ ಅದರ ಹಿಂದೆ ‘ತುಂಬಾ’ ಹಾಕಿದ ತಕ್ಷಣ ಕೆಲಸ ಎಳೀತಾರೆ ಅನ್ನೋ ಅರ್ಥ ಮುಂದೆ ಬಂದು ನಿಲ್ಲುತ್ತೆ. ‘ನಿಧಾನಸ್ಥರು’ ಅನ್ನಿ, ಒಂದಕ್ಷರ ಸೇರಿದ್ದಕ್ಕೇ ಗೌರವ ವಾಪಸ್ ಬರುತ್ತೆ.

ಉದಾಸೀನದ ಕಥೆ ಇದಕ್ಕೆ ಉಲ್ಟಾ. ಗೀತೆಯ 12ನೇ ಅಧ್ಯಾಯದಲ್ಲಿ ದೇವರಿಗೆ ಪ್ರಿಯನಾದ ಭಕ್ತನ ಗುಣಗಳಲ್ಲಿ ಅದೂ ಒಂದು, ಯಾವ ಕಡೆಗೂ ವಾಲದೆ ದೂರ ಕೂತವನು ಅಂತ. ಇವತ್ತಿನ ಕನ್ನಡದಲ್ಲಿ ಅದು ಅಸಡ್ಡೆ, ನಿರ್ಲಕ್ಷ್ಯ. ಮೂಲದ ಅರ್ಥ ಎಷ್ಟೇ ದೊಡ್ಡದಿರಲಿ, ಕೇಳೋರ ಕಿವಿಗೆ ಇವತ್ತಿನ ಅರ್ಥಾನೇ ಬೀಳೋದು, ಹಾಗಾಗಿ ಹೊಗಳೋಕೆ ಇದನ್ನ ಬಳಸಲೇಬೇಡಿ. ಸ್ಥಿತಪ್ರಜ್ಞ ಅನ್ನೋದನ್ನೂ ಬಿಡಿ. ಅದು ಗೀತೆಯ 2ನೇ ಅಧ್ಯಾಯದ ದೊಡ್ಡ ಪದ, ಟ್ರಾಫಿಕ್ಕಲ್ಲಿ ಹಾರ್ನ್ ಮಾಡದೆ ಇರೋರಿಗೆಲ್ಲ ಅದನ್ನ ತೊಡಿಸಿದ್ರೆ ಪದಾನೂ ಸವೆಯುತ್ತೆ, ಮನುಷ್ಯನೂ ಕಾಣಲ್ಲ.

ಆರಾಮ್ ನನಗೆ ತುಂಬಾ ಇಷ್ಟದ ಪದ, ಪಾರ್ಸಿಯಿಂದ ಬಂದು ನಮ್ಮದೇ ಆಗಿದೆ. ಆದ್ರೆ ಅದು ಸ್ವಭಾವಕ್ಕಿಂತ ಜಾಸ್ತಿ ಸ್ಥಿತಿ ಹೇಳುತ್ತೆ. ಧಾರವಾಡದ ಕಡೆ ‘ಆರಾಮ ಅದೀರಿ?’ ಅಂತ ಕೇಳೋದು ಯೋಗಕ್ಷೇಮ, ‘ಆರಾಮ ಇಲ್ಲ’ ಅಂದ್ರೆ ಹುಷಾರಿಲ್ಲ ಅಂತ. ಅದಕ್ಕೇ ‘ಆರಾಮಾಗಿದಾರೆ’ ಅಂತ ನಿಲ್ಲಿಸ್ಬೇಡಿ, ‘ಆರಾಮ್ ಮನುಷ್ಯ’ ಅನ್ನಿ. ನಿರಾಳ, ನಿರುಮ್ಮಳ ಕೂಡ ಹಾಗೇ, ಸಾಲ ತೀರಿದ ದಿನ ಯಾರು ಬೇಕಾದ್ರೂ ನಿರಾಳ ಆಗ್ತಾರೆ, ಅದು ಸ್ವಭಾವ ಅಲ್ಲ. ಬಿಂದಾಸ್ ಅನ್ನೋದು ಗೆಳೆಯರ ಮಧ್ಯೆ ಚೆನ್ನಾಗಿರುತ್ತೆ, ಅದರಲ್ಲಿ ಧೈರ್ಯನೂ ಇದೆ, ಮದುವೆ ಬಯೋಡೇಟಾದಲ್ಲಿ ಹಾಕಿದ್ರೆ ದೊಡ್ಡೋರು ಬೇರೆ ಏನೋ ಓದ್ಕೊಳ್ತಾರೆ. ಉಡಾಫೆ ಅಂತೂ ಶುದ್ಧ ಬೈಗುಳ. ಕೂಲ್ ಅನ್ನೋದು ಎಲ್ಲದಕ್ಕೂ ಅಂಟಿಸೋ ಸ್ಟಿಕ್ಕರ್ ಆಗಿದೆ, ನಾನಂತೂ ಮುಟ್ಟಲ್ಲ.

ಮೊಬೈಲಲ್ಲಿರೋ ಅನುವಾದದ ಆ್ಯಪ್‌ಗಳನ್ನ ಇದಕ್ಕೆ ನಂಬ್ಬೇಡಿ. ಇಂಗ್ಲಿಷಿನ ‘ಈಸಿ-ಗೋಯಿಂಗ್’ ಅನ್ನೋದು ‘ಸುಲಭವಾಗಿ ಹೋಗುವ ವ್ಯಕ್ತಿ’ ಅಂತ ಬಂದಿರೋ ಬಯೋಡೇಟಾ ನಾನೇ ಕೈಯಾರೆ ತಿದ್ದಿದೀನಿ, ಆ ಹುಡುಗಿ ಎಲ್ಲಿಗೆ ಹೋಗ್ತಾಳೆ ಅಂತ ಅವರ ಅಜ್ಜಿ ಕೇಳಿದ್ರು.

ನಾಲ್ಕನೇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಗುಣವಾಚಕ ಸಿಗ್ತಿಲ್ಲ ಅಂದ್ರೆ ಕ್ರಿಯಾಪದಕ್ಕೆ ಬನ್ನಿ, ಕನ್ನಡದ ಜೀವ ಇರೋದೇ ಅಲ್ಲಿ. ‘ಬಂದಿದ್ದನ್ನ ಬಂದಂಗೆ ತಗೊಳ್ತಾರೆ’, ‘ಯಾವುದನ್ನೂ ಮನಸ್ಸಿಗೆ ಹಚ್ಕೊಳಲ್ಲ’, ‘ಅವ್ರು ಸಿಡುಕಿದ್ದು ನಾನು ನೋಡೇ ಇಲ್ಲ’, ಇವುಗಳ ಮುಂದೆ ಯಾವ ಸೌಮ್ಯ, ಯಾವ ಶಾಂತ ನಿಲ್ಲುತ್ತೆ ಹೇಳಿ. ಆದ್ರೆ ಒಂದು ಎಚ್ಚರ ಬೇಕು, ದೇಹದ ಯಾವ ಭಾಗ ಹಿಡೀತೀರಿ ಅನ್ನೋದರ ಮೇಲೆ ಅರ್ಥ ಬದಲಾಗುತ್ತೆ. ‘ತಲೆ ಕೆಡಿಸ್ಕೊಳಲ್ಲ’ ಅನ್ನೋದು ಮೆಚ್ಚುಗೆ, ‘ತಲೆಗೆ ಹಾಕ್ಕೊಳಲ್ಲ’ ಅಂದ್ರೆ ಹೇಳಿದ್ದು ಒಳಗೇ ಇಳಿಯಲ್ಲ ಅಂತ, ‘ಕಿವಿಗೆ ಹಾಕ್ಕೊಳಲ್ಲ’ ಅಂತೂ ಇನ್ನೂ ಕೆಟ್ಟದ್ದು. ಮನಸ್ಸು ಹಿಡಿದ್ರೆ ಮೋಸ ಇಲ್ಲ.

ಕೊನೇದಾಗಿ ಲಿಂಗ ನೋಡ್ಕೊಳ್ಳಿ, ನಿಧಾನಸ್ಥ ಗಂಡಸಿಗೆ, ನಿಧಾನಸ್ಥೆ ಹೆಂಗಸಿಗೆ, ಸಮಾಧಾನಿ ಇಬ್ರಿಗೂ ನಡೆಯುತ್ತೆ.

ಆ ಅಭಿನಂದನಾ ಪತ್ರವನ್ನ ಆಮೇಲೆ ನಾನೇ ಮತ್ತೆ ಬರ್ದೆ. ಉದಾಸೀನ ತೆಗ್ದು ಅದರ ಜಾಗಕ್ಕೆ ಬೇರೆ ಗುಣವಾಚಕ ಯಾವುದನ್ನೂ ಹಾಕಲಿಲ್ಲ, ಒಂದು ದಿನ ನಡೆದಿದ್ದನ್ನ ಹಾಕಿದೆ: ‘ದೊಡ್ಡ ಫೈಲೊಂದು ಕಾಣೆಯಾಗಿ ಎಲ್ಲರೂ ಕೂಗಾಡುತ್ತಿದ್ದಾಗ ಇವರು ಕುರ್ಚಿ ಎಳೆದುಕೊಂಡು ಕೂತು, ಅದು ಯಾರ ಟೇಬಲ್‌ನಿಂದ ಯಾರ ಟೇಬಲ್‌ಗೆ ಹೋಯಿತು ಅಂತ ಮೊದಲು ಬರೆದುಕೊಳ್ಳೋಣ ಬನ್ನಿ ಅಂದವರು’. ಫ್ರೇಮ್ ಹಾಕಿಸಿ ಮನೆಗೆ ತಗೊಂಡು ಹೋಗಿ ಕೊಟ್ವಿ, ನಿಂತಲ್ಲೇ ಎರಡು ಸಲ ಓದಿದ್ರು, ಆಮೇಲೆ ಹೆಂಡತೀನ ಒಳಗಿಂದ ಕರೆದ್ರು.